ಹುಂಜ ಕೂಗಿದ ಮೇಲೆ

ಚುನಿರಿಯ ಚರ್ಮ ಸಡಿಲವಾಗಿತ್ತು. ಸೊಜಾರ್ ಅದನ್ನು ಒಲೆಯ ಹತ್ತಿರ ಹಿಡಿದು ಬೆರಳ ತುದಿಯಿಂದ ತಟ್ಟಿ ನೋಡಿದ. ಒದ್ದೆ ಚೀಲವನ್ನು ತಟ್ಟಿದಂಥ ಶಬ್ದ. ಗಾಳಿಯಲ್ಲಿ ತೇವ ಸೇರಿದರೆ ಊರಿನಲ್ಲಿ ಮೊದಲು ಗೊತ್ತಾಗುವುದು ಈ ಮೇಕೆಯ ಚರ್ಮಕ್ಕೆ. ಸಂಜೆಯೊಳಗೆ ಮಳೆ ಬರಬಹುದು, ಕಣಿವೆಯ ತಲೆಯಲ್ಲಿ ಹಿಮವೇ ಬಿದ್ದರೂ ಬೀಳಬಹುದು. ಜರಡಿಯಂಥ ಮರದ ಬಳೆ, ಅದಕ್ಕೆ ಬಿಗಿದ ಚರ್ಮ, ಕುದುರೆ ಬಾಲದ ಕೂದಲಿನ ಮೂರು ತಂತಿ, ಒಂದು ಕಮಾನು. ಅಪ್ಪನಿಂದ ಬಂದದ್ದು ಇಷ್ಟು. ನೆಸ್ಗೂರಿನಲ್ಲಿ ಇದನ್ನು ನುಡಿಸಬಲ್ಲವನು ಈಗ ಅವನೊಬ್ಬನೇ. ಇನ್ನೊಬ್ಬನಿದ್ದಿದ್ದರೆ ಕೈಗೆ ಏನೋ ಆಗಿದೆ ಎಂದು ತಪ್ಪಿಸಿಕೊಳ್ಳಬಹುದಿತ್ತು. ನಿನ್ನೆ ಸೌದೆ ಒಡೆಯುವಾಗ ಎಡಗೈಯ ಹೆಬ್ಬೆರಳನ್ನು ಕೊಡಲಿಯ ಕೆಳಗೆ ಇಟ್ಟು ನೋಡಿದ್ದ ಕೂಡ. ಬೆರಳು ಅಲ್ಲಿ ಸುಮ್ಮನೆ, ಯಾರದೋ ಬೆರಳಿನ ಹಾಗೆ ಬಿದ್ದಿತ್ತು. ಆಮೇಲೆ ನಾಚಿಕೆಯಾಗಿ ಎತ್ತಿಕೊಂಡಿದ್ದ.

"ಕಾದಿತಾ?" ಎಂದಳು ಅವನ ತಾಯಿ ಇವ್ಲಿತಾ. ಹಲಗೆಯ ಮೇಲೆ ಹಿಟ್ಟು ನಾದುತ್ತಿದ್ದಳು. ಮೊಣಕೈವರೆಗೆ ಹಿಟ್ಟು, ಮೇಲೆಲ್ಲ ಕಪ್ಪು ಬಟ್ಟೆ.

"ಇನ್ನೂ ಇಲ್ಲ ಅವ್ವ."

"ನಿಮ್ಮಪ್ಪ ಬೂದಿ ಮೇಲೆ ಹಿಡೀತಿದ್ದ. ಉರಿಗೆ ಹಿಡಿದ್ರೆ ಸೀಳಿಬಿಡುತ್ತೆ."

"ಗೊತ್ತು."

"ಗೊತ್ತಿದ್ದೂ ಉರಿಗೇ ಹಿಡ್ಕೊಂಡು ಕೂತಿದ್ದೀಯಲ್ಲ."

ಅವನು ವಾದ್ಯವನ್ನು ಹಿಂದಕ್ಕೆ ಎಳೆದುಕೊಂಡ. ತಾಯಿ ಅದನ್ನು ಸುಮ್ಮನೆ ಹೇಳಿದ್ದಳು. ಅವಳು ಏನು ಹೇಳಿದರೂ ಅದರೊಳಗೆ ಇನ್ನೊಂದು ಮಾತು ಹುಡುಕುವುದು ಆಗಸ್ಟಿನಿಂದ ಅವನಿಗೆ ಅಭ್ಯಾಸವಾಗಿತ್ತು. ಒಲೆಯ ಆಚೆ, ಗೋಡೆಗೆ ಆತುಕೊಂಡಿದ್ದ ಬೆಂಚಿನ ಮೇಲೆ ಸತ್ತ ತಮ್ಮ ಜೋಕಿಯಾನ ಮರದ ಬಟ್ಟಲು, ಉಣ್ಣೆಯ ಟೊಪ್ಪಿ, ತೊಳೆದು ಮಡಿಸಿದ ಅಂಗಿ. ತಾಯಿ ಬೆಳಗಿನಿಂದ ಆ ಬೆಂಚನ್ನು ಎರಡು ಸಲ ಒರೆಸಿದ್ದಳು. ಮನೆಯೊಳಗೆ ಹಾಸಿಗೆಯಲ್ಲಿ ಸತ್ತವನ ಜೀವ ಮನೆಯಲ್ಲೇ ಇರುತ್ತದೆ. ಬಿದ್ದು ಸತ್ತವನದು, ಹಿಮದಡಿ ಸಿಕ್ಕಿ ಸತ್ತವನದು ಹಾಗಲ್ಲ. ಇಗರ್ಜಿಯ ಪಕ್ಕ ಮಣ್ಣು ಮಾಡಿದ್ದು ದೇಹವನ್ನು. ಜೀವ ಬಿದ್ದಲ್ಲೇ ನಿಂತುಕೊಂಡು ದಾರಿ ತಿಳಿಯದೆ ಕಾಯುತ್ತಿರುತ್ತದೆ. ಸತ್ತ ನಲವತ್ತನೆಯ ದಿನದ ಊಟಕ್ಕೆ ಮುಂಚೆ ಗಂಡಸರು ಹೋಗಿ, ಚುನಿರಿ ನುಡಿಸಿ, ಅದನ್ನು ಬಿದ್ದ ಜಾಗದಿಂದ ಹೊಸ್ತಿಲವರೆಗೆ ನಡೆಸಿಕೊಂಡು ಬರಬೇಕು. ನುಡಿಸುವವನು ಮಾತಾಡಬಾರದು, ಹಿಂತಿರುಗಿ ನೋಡಬಾರದು, ಹೊಸ್ತಿಲು ದಾಟುವ ತನಕ ನಾದ ನಿಲ್ಲಬಾರದು. ಸೊಜಾರ್‌ಗೆ ಇದರಲ್ಲಿ ನಂಬಿಕೆಯಿತ್ತೇ? ಕೆಳಗಿನ ಪಟ್ಟಣದ ರಸ್ತೆ ಇಲಾಖೆಯಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಯಾರಾದರೂ ಕೇಳಿದರೆ ನಕ್ಕುಬಿಡುತ್ತಿದ್ದ. ಈಗ ನಂಬಿಕೆ ಇಲ್ಲದಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಅನ್ನಿಸುತ್ತಿತ್ತು. ನಂಬದವನಿಗೆ ಕೊರಕಲಿನ ಈಚೆ ಕಪ್ಪುಬಂಡೆಯ ಇಳಿಜಾರೂ ಒಂದೇ, ಆಚೆಯದೂ ಒಂದೇ.

ಹೊರಗೆ ಕೋಲಿನ ಸದ್ದು. ನೆರೆಯ ಬಿಮುರ್ಜಾ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕಂಕುಳಲ್ಲಿ ಬಿಳಿಯ ಹುಂಜ. ಹುಂಜ ಮೈತುಂಬ ಬೆಳೆದದ್ದು, ಕಣ್ಣು ಕೆಂಪು, ಬಿಗುಮಾನದ ಮುಖ.

"ತಗೋ ಇವ್ಲಿತಾ ಚಿಕ್ಕಮ್ಮ, ನಮ್ಮನೆ ದೊರೆ ಬಂದ. ಬೆಳಗಿನ ಜಾವದಿಂದ ಬುಟ್ಟಿ ಕವುಚಿ ಇಟ್ಟಿದ್ದೆ. ಕೂಗು ಒಳಗೇ ತುಂಬ್ಕೊಂಡಿದೆ."

"ನಿನ್ನ ಕಾಲು ಹೇಗಿದೆ ಮಗಾ? ನೀನು ಮೇಲಕ್ಕೆ ಹತ್ತಬೇಡ. ಹುಂಜ ಬೇರೆ ಯಾರಾದ್ರೂ ಹಿಡ್ಕೋತಾರೆ."

"ಬೇರೆಯವರ ಕೈಯಲ್ಲಿ ಇದು ಕಚ್ಚುತ್ತೆ. ನನ್ನ ಹೆಂಡತಿಗಿಂತ ನನ್ನ ಮಾತು ಹೆಚ್ಚು ಕೇಳೋದು ಇದೇ." ಸೊಜಾರ್‌ನ ಕಡೆ ತಿರುಗಿ ದನಿ ತಗ್ಗಿಸಿದ. "ನೀನು ನಿದ್ದೆ ಮಾಡಿದ್ಯೋ?"

"ಮಾಡಿದೆ."

"ಮುಖ ಹಾಗೆ ಹೇಳಲ್ಲ."

ಬಿಮುರ್ಜಾ ಅವನ ಭುಜ ಹಿಡಿದು ಒತ್ತಿದ. ಆ ಕೈ ಬೆಚ್ಚಗಿತ್ತು, ಹುಂಜದ ಗರಿಯ ವಾಸನೆಯಿತ್ತು. ಸೊಜಾರ್ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿ ಭುಜವನ್ನು ಬಿಡಿಸಿಕೊಂಡ.

ಕಪ್ಪುಬಂಡೆಗೆ ಹೋಗುವ ದಾರಿ ಇಗರ್ಜಿಯ ಪಕ್ಕದಲ್ಲಿ ಏರುತ್ತದೆ. ಮುಂದೆ ಊರ ಹಿರಿಯ ಗೋಜಿ, ಅವನ ಹಿಂದೆ ಹುಂಜ ಹಿಡಿದ ಬಿಮುರ್ಜಾ, ಆಮೇಲೆ ಚುನಿರಿಯನ್ನು ಉಣ್ಣೆಯ ಬಟ್ಟೆಯಲ್ಲಿ ಸುತ್ತಿಕೊಂಡ ಸೊಜಾರ್, ಹಿಂದೆ ದಾಯಾದಿಗಳು. ಯಾರೂ ಗಡ್ಡ ಬೋಳಿಸಿರಲಿಲ್ಲ. ಸೂತಕದ ಗಡ್ಡ ಎಲ್ಲರಿಗೂ ಒಂದೇ ಮುಖ ಕೊಟ್ಟಿತ್ತು. ಇಗರ್ಜಿಯ ಬಾಗಿಲಿಗೆ ಬೀಗ ಹಾಕಿತ್ತು. ಅದನ್ನು ದಾಟುವಾಗ ಗೋಜಿ ಟೊಪ್ಪಿ ತೆಗೆದ, ಎಲ್ಲರೂ ತೆಗೆದರು. ಸೊಜಾರ್‌ನ ಬಲಗೈ ತಾನಾಗಿಯೇ ಬಟ್ಟೆಯ ಸುತ್ತಿನೊಳಗೆ ಹೋಯಿತು. ಹೋದ ವರ್ಷ ಇದೇ ಬಾಗಿಲು ತೆಗೆಸಿ, ಒಳಗಿನಿಂದ ಜಗ್ರಾಗ್ ಸಂತನ ಬೆಳ್ಳಿ ತಗಡಿನ ಪಟವನ್ನು ಅಂಗಳಕ್ಕೆ ತಂದು ಕಲ್ಲಿನ ಮೇಲೆ ಇಟ್ಟಿದ್ದರು. ಗಡಿಕಲ್ಲಿನ ಆಚೆ ತನ್ನ ಹುಲ್ಲು ಕಡಿಮೆಯಾಗಿದೆ ಎಂದು ಬಿಮುರ್ಜಾ ಹೇಳಿದ್ದ. ಆರೋಪ ಅಂತಲೂ ಹೇಳಿರಲಿಲ್ಲ, ಹೆಸರೂ ಎತ್ತಿರಲಿಲ್ಲ. ಆದರೆ ಗಡಿಕಲ್ಲಿನ ಈಚೆ ಇರುವುದು ಒಂದೇ ಮನೆಯ ಪಾಲು. ಸೊಜಾರ್ ಊರವರೆಲ್ಲರ ಎದುರು ಪಟದ ಮೇಲೆ ಕೈ ಇಟ್ಟು ನನ್ನ ಕುಡುಗೋಲು ಆ ಕಲ್ಲನ್ನು ದಾಟಿಲ್ಲ, ದಾಟುವುದಿಲ್ಲ ಎಂದ. ಅವನ ಹಿಂದೆ ದಾಯಾದಿಗಳು ಸಾಲಾಗಿ ಬಂದು, ಇವನ ಮಾತು ನಿಜ ಎಂದು ಒಬ್ಬೊಬ್ಬರೂ ಅದೇ ಪಟದ ಮೇಲೆ ಕೈ ಇಟ್ಟರು. ಮಾತು ಆಗ ನಿಜವಾಗಿಯೇ ಇತ್ತು. ಮೊಲವೋ ಕಾಡುಮೇಕೆಯೋ ತಿಂದ ಹುಲ್ಲಿಗಾಗಿ, ಹೆಂಗಸರು ಊರಿನ ಹಳೆಯ ಕಲ್ಲುಬುರುಜುಗಳ ನೆರಳಲ್ಲಿ ನಿಂತು ನೋಡುತ್ತಿದ್ದಾಗ, ಐವತ್ತು ದಾಟಿದ ಗಂಡಸು ಬೆಳ್ಳಿ ತಗಡಿನ ಮೇಲೆ ಕೈ ಇಟ್ಟು ನಿಂತಿದ್ದ. ತಗಡು ತಣ್ಣಗಿತ್ತು. ಕೈ ತೆಗೆದಾಗ ಅದರ ಮೇಲೆ ಬೆವರಿನ ಗುರುತು ಉಳಿದಿತ್ತು. ಯಾರೋ ತೋಳಿನಿಂದ ಅದನ್ನು ಒರೆಸಿದ್ದರು. ಅವನು ಒಂದು ವರ್ಷ ಮರೆಯದೆ ಇದ್ದದ್ದು ಆ ಒರೆಸಿದ್ದನ್ನು.

"ಅಜ್ಜಾ, ನಿಧಾನ," ಎಂದ ಬಿಮುರ್ಜಾ. "ಹುಂಜಕ್ಕೆ ಏದುಸಿರು ಬರ್ತಿದೆ."

"ಹುಂಜಕ್ಕಾ ನಿನಗಾ?"

"ಇಬ್ಬರಿಗೂ. ಆಸ್ಪತ್ರೇಲಿ ಮಲಗಿಸಿ ಮಲಗಿಸಿ ನನ್ನನ್ನ ಕುಂಬಳಕಾಯಿ ಮಾಡಿಬಿಟ್ಟರು."

"ಅಲ್ಲಿನ ಊಟ ಹೇಗಿತ್ತೋ?"

"ಉಪ್ಪಿಲ್ಲ. ಉಪ್ಪು ಕೇಳಿದ್ರೆ ಡಾಕ್ಟರಮ್ಮ, ನೀವು ಮೇಲಿನೂರಿನವರು ಉಪ್ಪು ತಿಂದೇ ಹಾಳಾಗೋದು ಅಂದಳು. ನಾನು ಮರದ ದಿಮ್ಮಿ ಬಿದ್ದು ಹಾಳಾದವನಮ್ಮ ಅಂದೆ."

ಹಿಂದಿದ್ದವರು ಸೂತಕಕ್ಕೆ ತಕ್ಕ ಹಾಗೆ ಮೂಗಿನಲ್ಲಿ ನಕ್ಕರು. ಸೊಜಾರ್ ನಗಲಿಲ್ಲ. ಹುಲ್ಲು ಕೊಯ್ಯುವ ಸಮಯಕ್ಕೆ ಸರಿಯಾಗಿ ಬಿಮುರ್ಜಾ ಆ ಆಸ್ಪತ್ರೆಯಲ್ಲಿ ಮಲಗಿದ್ದ. ಅವನ ಇಳಿಜಾರಿನ ಹುಲ್ಲು ಸೊಂಟದವರೆಗೆ ಬೆಳೆದು, ಹೂ ಬಿಟ್ಟು, ಗಾಳಿ ಬಂದಾಗ ಇಡೀ ಗುಡ್ಡವೇ ಮಗ್ಗುಲು ಬದಲಿಸಿದ ಹಾಗೆ ಕಾಣುತ್ತಿತ್ತು. ಭಾನುವಾರ ಊರವರೆಲ್ಲ ಸೇರಿ ಅದನ್ನು ಅವನಿಗೆ ಕೊಯ್ದುಕೊಡುವುದೆಂದು ಮಾತಾಗಿತ್ತು. ಅದಕ್ಕೆ ಮುಂಚಿನ ದಿನದ ಬೆಳಗು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಜೋಕಿಯಾನ ಬೆನ್ನು ಕಾಣುತ್ತಿರಲಿಲ್ಲ, ಕುಡುಗೋಲಿನ ಸುಯ್ ಸುಯ್ ಮಾತ್ರ ಕೇಳುತ್ತಿತ್ತು. ಕಲ್ಲು ದಾಟಿದ್ದು ಹಸಿವಿನಿಂದಲ್ಲ. ಅವರ ಅಟ್ಟ ಮುಕ್ಕಾಲು ತುಂಬಿತ್ತು. ದಾಟಿಲ್ಲದಿದ್ದಾಗ ದಾಟಿದವನ ಹಾಗೆ ನಿಲ್ಲಿಸಿದರಲ್ಲ, ಈಗ ದಾಟಿಯೇ ನೋಡೋಣ ಎಂಬಂಥ ಒಂದು ಕಹಿ ಖುಷಿ. ಕಲ್ಲನ್ನು ದಾಟುವಾಗ ಅವನು ಅದರ ಮೇಲೆ ಕಾಲಿಟ್ಟೇ ದಾಟಿದ್ದ. "ಅಣ್ಣಾ, ಸಾಕು," ಎಂದಿದ್ದ ಜೋಕಿಯಾ. "ಇದು ಅವರದು." "ಇನ್ನೊಂದು ಸಾಲು," ಎಂದ ಇವನು. "ಕೆಳಗಿನ ಅಂಚಲ್ಲಿ ಚೆನ್ನಾಗಿದೆ, ನೀನು ಹೋಗು, ನಿನ್ನ ಕಾಲು ಗಟ್ಟಿ." ನಲವತ್ತು ದಾಟಿದರೂ ಮದುವೆಯಾಗದೆ ಅಣ್ಣನ ಮಾತಿಗೆ ಎದುರಾಡದೆ ಉಳಿದ ತಮ್ಮ. ಹೋದ. ಕೂಗಲಿಲ್ಲ. ಕುಡುಗೋಲು ಕಲ್ಲಿಗೆ ತಾಗಿದ ಒಂದು ಸದ್ದು, ಆಮೇಲೆ ಕೆಳಗೆ ಕೊರಕಲಿನಲ್ಲಿ ನೀರಿನ ಸದ್ದು. ನೀರಿನ ಸದ್ದು ಮೊದಲೂ ಇತ್ತು.

ಕಪ್ಪುಬಂಡೆಯ ಹತ್ತಿರ ಬಂದಾಗ ಗೋಜಿ ನಿಂತ. "ಇಲ್ಲೇ ತಾನೆ?"

"ಇಲ್ಲೇ," ಎಂದ ಸೊಜಾರ್.

ಟೊಪ್ಪಿ ಸಿಕ್ಕಿದ್ದು ಇಲ್ಲಿ, ಬಂಡೆಯ ಬುಡದಲ್ಲಿ. ಸಾಣೆಕಲ್ಲು ಇಟ್ಟುಕೊಳ್ಳುವ ಕೊಂಬೂ ಇಲ್ಲೇ. ಎಲ್ಲರೂ ನೋಡಿದ್ದರು. ಕೊರಕಲು ಎರಡು ಪಾಲಿನ ನಡುವೆ ಹಾದು ಹೋಗುತ್ತದೆ, ಯಾವ ದಂಡೆಯಿಂದ ಬಿದ್ದರೂ ನೀರು ಒಯ್ಯುವುದು ಕೆಳಗೆ ದೇಹ ಸಿಕ್ಕ ಅದೇ ಸೇತುವೆಯ ಕಲ್ಲುಗಳಿಗೆ. ದೇಹದ ಮೇಲೆ ಯಾವ ದಂಡೆಯ ಗುರುತೂ ಇರುವುದಿಲ್ಲ. ಆಚೆ ನೋಡಿದರೆ, ಕೊರಕಲಿನ ಅಷ್ಟೇ ಅಗಲದಲ್ಲಿ, ಬಿಮುರ್ಜಾನ ಇಳಿಜಾರು ಬೋಳಾಗಿ ಹಳದಿ ಬಣ್ಣಕ್ಕೆ ತಿರುಗಿ ಬಿದ್ದಿತ್ತು. ಅಲ್ಲಿನ ಕೂಳೆಯನ್ನು ಸೊಜಾರ್ ನೋಡದೆ ಬಂಡೆಯನ್ನು ನೋಡಿದ. ಜೋಕಿಯಾ ಆಚೆ ದಂಡೆಯಲ್ಲಿ ನಿಂತು ಈ ಕಡೆ ನೋಡುತ್ತಿದ್ದಾನೆ, ಇಷ್ಟು ಜನ ಯಾರನ್ನು ಕರೆಯಲು ಬಂದಿದ್ದಾರೆಂದು ಬೆರಗಾಗಿದ್ದಾನೆ ಎನ್ನಿಸಿತು. ಅವನಿಗೆ ಬೆರಗಾದಾಗ ಬಾಯಿ ಸ್ವಲ್ಪ ತೆರೆಯುತ್ತಿತ್ತು.

ಚುನಿರಿ ಕೂತು ನುಡಿಸುವ ವಾದ್ಯ. ಈ ಒಂದು ಕೆಲಸಕ್ಕೆ ಮಾತ್ರ ಅದನ್ನು ಪಟ್ಟಿ ಹಾಕಿ ಸೊಂಟಕ್ಕೆ ಬಿಗಿದು ನಡೆಯುತ್ತಾ ನುಡಿಸುತ್ತಾರೆ. ಗೋಜಿ ಪಟ್ಟಿ ಬಿಗಿದುಕೊಟ್ಟ. ಸೊಜಾರ್ ಕಮಾನು ಎಳೆದ. ನಾದ ದೂರ ಹೋಗುವಂಥದ್ದಲ್ಲ, ಮೂಗಿನಿಂದ ಬಂದ ಹಾಗೆ, ಹತ್ತಿರ ಕೂತವನಿಗೆ ಮಾತ್ರ ಹೇಳುವ ಗುಟ್ಟಿನ ಹಾಗೆ. ಗಂಡಸರು ಮಾತಿಲ್ಲದ ಶೋಕದ ಹಾಡನ್ನು ಎತ್ತಿಕೊಂಡರು, ಕೇವಲ ಸ್ವರ. ಎಲ್ಲರೂ ಹುಂಜವನ್ನು ನೋಡುತ್ತಿದ್ದರು. ಜೀವ ನಾದದ ಹತ್ತಿರ ಬಂದಾಗ ಹುಂಜಕ್ಕೆ ಕಾಣುತ್ತದೆ, ಆಗ ಕೂಗುತ್ತದೆ. ಹುಂಜ ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ಗೋಜಿಯ ಗಡ್ಡವನ್ನು ನೋಡುತ್ತಿತ್ತು. ಹಾಡು ಮುಗಿಯಿತು, ಮತ್ತೆ ಶುರುವಾಯಿತು. ಮೋಡ ಬಂಡೆಯ ನೆತ್ತಿಗೆ ಇಳಿಯಿತು. ಹುಂಜ ಸುಮ್ಮನಿತ್ತು. ಕೂಗದಿರಲಿ ಎಂದು ಸೊಜಾರ್ ಬೇಡಿಕೊಂಡ. ಕೂಗದಿದ್ದರೆ ಗೋಜಿ, ಜಾಗ ಇದಲ್ಲವೇನೋ ಎನ್ನುತ್ತಾನೆ. ಆಗ ಯಾರೋ ಕೊರಕಲಿನ ಆಚೆ ನೋಡುತ್ತಾರೆ. ತಾನು ಏನೂ ಹೇಳದೆಯೇ ಎಲ್ಲ ಹೇಳಿದ ಹಾಗಾಗುತ್ತದೆ. ಕೂಗಲಿ ಎಂದೂ ಅದೇ ಉಸಿರಿನಲ್ಲಿ ಬೇಡಿಕೊಂಡ.

"ಇದಕ್ಕೆ ಇನ್ನೂ ನಿದ್ದೆ," ಎಂದು ಹಿಂದಿನಿಂದ ಒಬ್ಬ ಮೆಲ್ಲಗೆ ಹೇಳಿದ.

"ಜೋಕಿಯಾನೂ ಹಾಗೇ," ಎಂದ ಗೋಜಿ. "ಕರೆದ ಕೂಡಲೆ ಯಾವತ್ತು ಎದ್ದಿದ್ದಾನೆ?"

ಆಗ ಅದು ಸೊಜಾರ್‌ನ ಕಣ್ಣಿಗೆ ಬಿತ್ತು. ಬಿಮುರ್ಜಾ ತನ್ನ ಅಂಗಿಯ ಮಡಿಕೆಯ ಕೆಳಗೆ, ರೆಕ್ಕೆಯ ಬುಡದಲ್ಲಿ, ಎರಡು ಬೆರಳಿನಿಂದ ಹುಂಜವನ್ನು ಜಿಗುಟಿದ. ಮುಖ ಆಕಾಶದ ಕಡೆ ಇತ್ತು. ಹುಂಜ ರೆಕ್ಕೆ ಒದರಿ ಕಿರುಚಿತು, ಆ ಕಿರುಚು ಅರ್ಧದಲ್ಲಿ ಕೂಗಾಗಿ ತಿರುಗಿ ಬಂಡೆಗೆ ಬಡಿದು ಹಿಂದಕ್ಕೆ ಬಂತು. ಗಂಡಸರು ಶಿಲುಬೆಯ ಗುರುತು ಮಾಡಿಕೊಂಡರು. ಗೋಜಿಯ ಕಣ್ಣಲ್ಲಿ ನೀರು ಬಂತು. ಬಿಮುರ್ಜಾ ಸೊಜಾರ್‌ನನ್ನು ನೋಡಿ ತಲೆಯನ್ನು ಒಂದಿಷ್ಟು ಆಡಿಸಿದ. ಆ ಮುದುಕಿಗಾಗಿ ಮಾಡಿದೆ, ನೀನು ಕಂಡಿದ್ದರೂ ಕಂಡಿಲ್ಲ ಎಂದುಕೋ, ಎಂಬಂತೆ.

ಇಳಿಯುವ ದಾರಿಯುದ್ದಕ್ಕೂ ಸೊಜಾರ್ ನುಡಿಸಿದ. ಮುಂದೆ ಯಾರೂ ಇರಲಿಲ್ಲ, ಎಲ್ಲರೂ ದಾರಿ ಬಿಟ್ಟು ಅಂಚಿನಲ್ಲಿ ನಡೆಯುತ್ತಿದ್ದರು, ಹಿಂದೆ ಬರುವವನಿಗೆ ಜಾಗವಿರಲಿ ಎಂದು. ಹಿಂದೆ ಯಾರೂ ಬರುತ್ತಿರಲಿಲ್ಲ. ಖಾಲಿ ಹಗ್ಗವನ್ನು ಎಳೆಯುವವನಿಗೆ ಭಾರವೇ ಇಲ್ಲದಿರುವುದು ಹೇಗೆ ಕೈಗೆ ತಿಳಿಯುತ್ತದೋ ಹಾಗೆ ಅವನಿಗೆ ಅದು ತಿಳಿಯುತ್ತಿತ್ತು. ಊರ ಹೆಂಗಸರು ಬಾಗಿಲಲ್ಲಿ ನಿಂತು ಅವನ ಹಿಂದಿನ ಗಾಳಿಗೆ ತಲೆ ಬಾಗಿದರು. ಇದಕ್ಕಿಂತ ಹೀನವಾದದ್ದನ್ನು ಒಮ್ಮೆ ಮಾಡಿದ್ದೆನಲ್ಲ, ಇದೇನು ಮಹಾ, ಎಂದುಕೊಂಡು ನಡೆದ. ಜೋಕಿಯಾ ಬಿದ್ದ ಮೇಲೆ ಅವನು ಕೆಳಗೆ ಓಡಲಿಲ್ಲ. ಮಂಜು ಏಳುವುದರೊಳಗೆ ಆಚೆ ಕೊಯ್ದ ಹುಲ್ಲನ್ನೆಲ್ಲ ಬಾಚಿದ. ಬಾಚುಗೋಲಿನ ಮರದ ಹಲ್ಲು ಕೂಳೆಗೆ ಸಿಕ್ಕಿ ಮುರಿಯಿತು, ಕೈಯಿಂದ ಬಾಚಿದ. ಬರ್ಚ್ ಕೊಂಬೆಯ ಮೇಲೆ ಹೇರಿ, ಕೊರಕಲಿನ ತಲೆ ಸುತ್ತಿ, ಕಲ್ಲಿನ ಈಚೆ ಎಳೆದು ತಂದು ತಮ್ಮ ಬಣವೆಗೆ ಸೇರಿಸಿದ. ಟೊಪ್ಪಿ, ಕೊಂಬು ಎತ್ತಿ ಬಂಡೆಯ ಬುಡಕ್ಕೆ ತಂದಿಟ್ಟ. ಆಮೇಲೆ ಓಡಿದ, ಕೂಗಿದ, ಅವನ ಕೂಗು ನಿಜವಾಗಿತ್ತು. ಅಷ್ಟು ಹೊತ್ತು ಜೋಕಿಯಾ ನೀರಿನಲ್ಲಿ ಬದುಕಿದ್ದನೇ? ಕತ್ತು ಮುರಿದಿತ್ತು, ತಕ್ಷಣ ಹೋಗಿರಬೇಕು ಎಂದರು ಹೆಣ ತೊಳೆದವರು. ಇರಬೇಕು ಎಂದರು. ಮರುವಾರ ಊರವರು ಬಿಮುರ್ಜಾನ ಪಾಲಿನ ಹುಲ್ಲು ಕೊಯ್ಯಲು ಹೋದಾಗ ಸೂತಕದವನು ಬರಬೇಕಿಲ್ಲ ಎಂದರೂ ಕೇಳದೆ ಹೋಗಿ, ಗಡಿಯ ಕಡೆಯ ಪಟ್ಟಿಯನ್ನು ತಾನೇ ವಹಿಸಿಕೊಂಡು, ಹಳೆಯ ಕೂಳೆಯ ಮೇಲೆ ಕುಡುಗೋಲು ಆಡಿಸಿ ಗುರುತು ಅಳಿಸಿದ. ಆಸ್ಪತ್ರೆಯಿಂದ ಬಂದ ಬಿಮುರ್ಜಾ ಅದನ್ನು ಕೇಳಿ ಎಲ್ಲರ ಎದುರು ಬಟ್ಟಲು ಎತ್ತಿ, ಇಂಥ ದುಃಖದಲ್ಲೂ ನನ್ನ ಹುಲ್ಲು ನೆನೆದವನು, ಹೋದ ವರ್ಷ ನಾನು ಇವನಿಗೆ ಮಾಡಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದವನು, ಎಂದು ಕುಡಿದಿದ್ದ.

ಹೊಸ್ತಿಲಲ್ಲಿ ತಾಯಿ ನಿಂತಿದ್ದಳು. ಅವನು ದಾಟಿದ, ಕಮಾನು ನಿಲ್ಲಿಸಿದ. ಅವಳು ಬಾಗಿಲನ್ನು ಇನ್ನೂ ಸ್ವಲ್ಪ ತೆರೆದು ಹಿಡಿದು, "ಬಾ ಮಗಾ," ಎಂದು ಒಲೆಯ ಕಡೆಗೆ ದಾರಿ ತೋರಿಸಿದಳು.

ಊಟ ಗದ್ದಲವಿಲ್ಲದೆ ನಡೆಯಿತು. ಮಾಂಸ ತುಂಬಿದ ರೊಟ್ಟಿ, ಚೀಸ್ ಕಲಸಿದ ಆಲೂಗಡ್ಡೆ, ಬಾರ್ಲಿ ಸಾರಾಯಿ. ಗೋಜಿ ದೇವರಿಗೆ, ಜಗ್ರಾಗನಿಗೆ, ಮನೆಗೆ ಬಂದವನಿಗೆ ಎಂದು ಬಟ್ಟಲು ಎತ್ತಿದ. ಜೋಕಿಯಾನ ಬಟ್ಟಲಿನಿಂದ ಆವಿ ಏಳುತ್ತಿತ್ತು. ಹುಂಜವನ್ನು ಕೊಲ್ಲುವ ಹಾಗಿಲ್ಲ, ಅದನ್ನು ಮನೆಗೆ ಕೊಂಡೊಯ್ದು ಅಂಗಳದಲ್ಲಿ ಬಿಡುತ್ತೇನೆಂದು ಬಿಮುರ್ಜಾ ಬೇಗ ಎದ್ದ. ಬಾಗಿಲಲ್ಲಿ ಇವ್ಲಿತಾ ಅವನ ಕೈ ಹಿಡಿದು ಹಣೆಗೊತ್ತಿಕೊಂಡಳು. ಎಲ್ಲರೂ ಹೋದ ಮೇಲೆ ಅವಳು ಬೆಂಚಿನ ಮುಂದೆ ಕೂತು ಅದರ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟಳು. ನಡುಮಧ್ಯಾಹ್ನ ದಾಟಿ ಬೆಳಕು ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಮರದ ತಡಿಕೆಯ ಆಚೆ ಹಸುಗಳು ಮೆಲುಕು ಹಾಕುತ್ತಿದ್ದವು.

"ನೀನು ದಾರೀಲಿ ಎಲ್ಲಾದ್ರೂ ನಿಲ್ಲಿಸಿದ್ಯಾ?" ಎಂದಳು.

"ಇಲ್ಲ ಅವ್ವ."

"ಹಿಂದೆ ತಿರುಗಿ ನೋಡಿದ್ಯಾ?"

"ಇಲ್ಲ."

"ಹುಂಜ ಕೂಗಿತಂತಲ್ಲ."

"ಕೂಗ್ತು."

ಅವಳು ಅಂಗೈಯನ್ನು ಎತ್ತಿ ನೋಡಿಕೊಂಡಳು, ಅದರಲ್ಲಿ ಏನೋ ಅಂಟಿರಬೇಕಿತ್ತು ಎಂಬಂತೆ. "ನಿಮ್ಮಪ್ಪನ್ನ ಹಿಮದಿಂದ ಕರ್ಕೊಂಡು ಬಂದ ದಿನ ಈ ಬೆಂಚು ಬೆಚ್ಚಗಿತ್ತು ಕಣೋ. ಒಲೆ ಬಿಸಿ ಅಲ್ಲ. ಕೂತು ಎದ್ದವರ ಬಿಸಿ. ಇವನು ಬಂದಿಲ್ಲ. ದಾರಿ ಗೊತ್ತಾಗಿ, ಕೂಗೂ ಕೇಳಿಸಿ, ಬಂದಿಲ್ಲ."

ಸೊಜಾರ್ ಒಲೆಗೆ ಒಂದು ಸೌದೆ ತುರುಕಿದ.

"ಅವತ್ತು ಬೆಳಿಗ್ಗೆ ನಾನು ಅವನಿಗೆ ಬೈದೆ. ಜಾರುಬಂಡಿ ರಿಪೇರಿ ಮಾಡಿಲ್ಲ, ತಿಂದು ಬೀಳೋಕೆ ಮಾತ್ರ ಇದ್ದೀಯ ಅಂದೆ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದುಹೋದ. ಆ ಮಾತು ಅವನ ಮನಸ್ಸಲ್ಲಿ ಉಳಿದಿದೆ. ಅದಕ್ಕೇ ಬರಲ್ಲ." ಅವಳು ಅಳುತ್ತಿರಲಿಲ್ಲ. ಲೆಕ್ಕ ಸರಿಹೋದವಳ ಹಾಗೆ ಹೇಳುತ್ತಿದ್ದಳು. "ಇನ್ನು ನಾನೇ ಹೋಗಿ ಕೇಳ್ಕೋಬೇಕು. ಕಾಲು ಆಡಲ್ಲ. ಸತ್ತಮೇಲೆ ಕೇಳ್ಕೋತೀನಿ."

ತಾಯಿ ಬೈದದ್ದು ಸೊಜಾರ್‌ಗೆ ನೆನಪೇ ಇರಲಿಲ್ಲ. ಅವಳು ದಿನವೂ ಬೈಯುತ್ತಿದ್ದಳು. ದಾರಿಯಲ್ಲಿ ಜೋಕಿಯಾ ಆ ಬೈಗುಳವನ್ನು ಅವಳದೇ ದನಿಯಲ್ಲಿ ಅನುಕರಿಸಿ ನಕ್ಕಿದ್ದ. ಅದನ್ನು ಹೇಳಬಹುದು. ಹೇಳಿದರೆ, ಹಾಗಾದರೆ ಯಾಕೆ ಬರಲಿಲ್ಲ, ಎಂದು ಕೇಳುತ್ತಾಳೆ. ಅವನು ಬಾಯಿ ತೆರೆದ. ಬಿಮುರ್ಜಾ ಎತ್ತಿದ ಬಟ್ಟಲು, ಪಟದ ಮೇಲೆ ಸಾಲಾಗಿ ಕೈ ಇಟ್ಟ ದಾಯಾದಿಗಳ ಮುಖ ಒಂದೊಂದಾಗಿ ಎದುರು ಬಂದವು. ತನ್ನ ಮಾತಿಗಾಗಿ ಅವರೂ ಸುಳ್ಳುಪ್ರಮಾಣದವರಾಗುತ್ತಾರೆ. ಇನ್ನು ಮೇಲೆ ಯಾವ ಮದುವೆಯಲ್ಲೂ ಯಾವ ಹೆಣದ ಮುಂದೆಯೂ ಅವನ ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಬಾಯಿ ಮುಚ್ಚಿತು. ತಾಯಿ ಮತ್ತೆ ಅಂಗೈಯನ್ನು ಬೆಂಚಿನ ಮೇಲೆ ಇಟ್ಟಳು. ಅವಳು ಚಳಿಗಾಲವೆಲ್ಲ ಹೀಗೆಯೇ ಕೂತಿರುತ್ತಾಳೆ ಎಂಬುದು ಅವನಿಗೆ ಹೊಳೆಯಿತು. ಒಲೆಯಿಂದ ದೂರದ ಆ ಕಡೆ, ತನ್ನದಲ್ಲದ ತಪ್ಪಿಗೆ ಕೈ ಚಾಚಿಕೊಂಡು.

ಅವನು ಚುನಿರಿಯನ್ನು ಎತ್ತಿಕೊಂಡು ಹೊರಗೆ ಬಂದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ.

ಊರಿನಿಂದ ಬಿಮುರ್ಜಾನ ಇಳಿಜಾರಿಗೆ ಹೋಗುವುದಕ್ಕೂ ಬರುವುದಕ್ಕೂ ಸರಿಯಾದ ಕಾಲುದಾರಿ ಇರುವುದು ಒಂದೇ, ಬಿಮುರ್ಜಾನ ಅಂಗಳದ ಮೂಲಕ. ಹೋಗುವಾಗ ಅದನ್ನು ತಪ್ಪಿಸಿ, ತೊರೆಯ ಕಲ್ಲುಗಳ ಮೇಲೆ ಕಳ್ಳನ ಹಾಗೆ ಹತ್ತಿದ. ಬರುವಾಗ ತಪ್ಪಿಸಲಾಗುವುದಿಲ್ಲ, ಕಲ್ಲು ಹಿಡಿದು ಇಳಿಯುವವನ ಕೈಗೆ ಕಮಾನು ಸಿಗುವುದಿಲ್ಲ; ಅದು ಗೊತ್ತಿದ್ದೇ ಹತ್ತಿದ. ಮೇಲೆ ಗಾಳಿ ನಿಂತಿತ್ತು. ಕೆಳಗಿನ ಅಂಚಿನಲ್ಲಿ, ಕೂಳೆ ಕೊರಕಲಿನ ಕಡೆಗೆ ಬಾಗಿದಲ್ಲಿ, ಅವನು ನಿಂತ. ಬಾಚುಗೋಲಿನ ಮುರಿದ ಹಲ್ಲು ಒಂದು ನೆಲದಲ್ಲಿ ಇನ್ನೂ ನೆಟ್ಟುಕೊಂಡಿತ್ತು. ಪಟ್ಟಿಯನ್ನು ತಾನೇ ಬಿಗಿದುಕೊಂಡ, ಸರಿಯಾಗಿ ಬರಲಿಲ್ಲ. ಏನಾದರೂ ಹೇಳಬೇಕು ಎನ್ನಿಸಿತು, ಏನೆಂದು ಹೇಳುವುದು. "ಜೋಕಿಯಾ, ನಡಿ," ಎಂದ. "ಅವ್ವ ಕಾಯ್ತಿದ್ದಾಳೆ." ಕಮಾನು ಎಳೆದ. ಹುಂಜವಿರಲಿಲ್ಲ, ಏನೂ ಕೂಗಲಿಲ್ಲ. ಬಂದನೋ ಇಲ್ಲವೋ ತಿಳಿಯುವ ಯಾವ ದಾರಿಯೂ ಇರಲಿಲ್ಲ. ಇಳಿಯತೊಡಗಿದ.

ಅರ್ಧ ದಾರಿಗೆ ಮಳೆ ಹನಿಯಿತು. ಚರ್ಮ ಸಡಿಲಾಗಿ ನಾದ ಒಂದೊಂದೇ ಮೆಟ್ಟಿಲು ಕೆಳಗಿಳಿಯಿತು. ಅಂಗಿಯ ಬದಿಯನ್ನು ಬಳೆಯ ಮೇಲೆ ಎಳೆದುಕೊಂಡು, ತಂತಿಗೆ ಹಚ್ಚಿ ಹಚ್ಚಿ ಎಳೆದ. ಗೊರಗೊರ ಎನ್ನುವ ಸದ್ದಷ್ಟೇ ಉಳಿದಾಗ ಅದರ ಜೊತೆಗೆ ತಾನೇ ಗುನುಗಿದ, ಮಾತಿಲ್ಲದ ಹಾಡನ್ನು. ಬಿಮುರ್ಜಾ ಅಂಗಳದಲ್ಲಿ ಸೌದೆಯ ಮೇಲೆ ತಗಡು ಮುಚ್ಚುತ್ತಿದ್ದ. ಹುಂಜ ಸೌದೆಯ ರಾಶಿಯ ಮೇಲೆ ಒಂಟಿ ಕಾಲಲ್ಲಿ ಕೂತಿತ್ತು.

"ಸೊಜಾರ್? ಇದೇನು, ಈ ಕಡೆಯಿಂದ?"

ಸೊಜಾರ್ ಉತ್ತರ ಕೊಡುವ ಹಾಗಿರಲಿಲ್ಲ. ಹತ್ತಿರ ಬಂದ. ಬಿಮುರ್ಜಾನ ಮುಖದಲ್ಲಿ ಮೊದಲು ನಗು ಇತ್ತು, ದುಃಖದಲ್ಲಿ ತಲೆಕೆಟ್ಟ ಗೆಳೆಯನನ್ನು ಕಂಡವನ ನಗು. ಆಮೇಲೆ ಅವನು ಕಮಾನನ್ನು ನೋಡಿದ. ದಾರಿಯನ್ನು ನೋಡಿದ. ದಾರಿ ಎಲ್ಲಿಂದ ಬರುತ್ತದೋ ಆ ಇಳಿಜಾರನ್ನು ನೋಡಿದ, ಮಳೆಯಲ್ಲಿ ಬಹಳ ಹೊತ್ತು. ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಇದ್ದುಕೊಂಡೇ ಅರ್ಥ ಕಳೆದುಕೊಂಡಿತು. ಕೈಯಲ್ಲಿದ್ದ ತಗಡನ್ನು ಸದ್ದಾಗದ ಹಾಗೆ ಕೆಳಗಿಟ್ಟ. ಕುಂಟುತ್ತಾ ಹೋಗಿ ಅಂಗಳದ ಗೇಟು ತೆರೆದು ಹಿಡಿದ. ಸೊಜಾರ್ ಅವನ ಮುಂದೆಯೇ ಹಾದುಹೋದ. ಅವನು ಉಗುಳಬಹುದು, ಕೋಲು ಎತ್ತಬಹುದು ಎಂದು ಬೆನ್ನು ಬಿಗಿಯಾಗಿತ್ತು. ಅದು ಯಾವುದೂ ಆಗಲಿಲ್ಲ. ಹಿಂದೆ ಗೇಟು ಮುಚ್ಚಿದ ಸದ್ದು ಬರಲಿಲ್ಲ. ಇನ್ನೊಬ್ಬ ಮನುಷ್ಯ ಹಾದುಹೋಗಲು ಬೇಕಾಗುವಷ್ಟು ಹೊತ್ತು ಅದು ತೆರೆದೇ ಇತ್ತು. ಆಮೇಲೆ ಬಿಮುರ್ಜಾನ ದನಿ, ಪಕ್ಕದಲ್ಲಿ ನಿಂತವನಿಗೆ ಹೇಳುವ ಹಾಗೆ:

"ಹುಷಾರಪ್ಪ ಜೋಕಿಯಾ. ಕೆಳಗಿನ ಮೆಟ್ಟಿಲು ಮುರಿದಿದೆ."

ಗೇಟು ಮುಚ್ಚಿತು. ಮುರಿದ ಮೆಟ್ಟಿಲಿನಲ್ಲಿ ಅವನು ಎಡವಿದ, ಕಮಾನು ಜಾರಿತು, ಹಾಡನ್ನು ಮಾತ್ರ ಬಿಡದೆ ಮುಂದೆ ನಡೆದ. ಬುರುಜುಗಳ ನಡುವಿನ ಓಣಿಯಲ್ಲಿ ಬಾಗಿಲುಗಳು ತೆರೆದವು. ಬೆಳಿಗ್ಗೆ ತಲೆ ಬಾಗಿದ ಹೆಂಗಸರು ಈಗ ಅವನು ಬಂದ ದಿಕ್ಕನ್ನು ನೋಡಿದರು, ಅವನನ್ನು ನೋಡಿದರು, ಒಳಗಿನ ಗಂಡಸರಿಗೆ ಏನೋ ಹೇಳಿದರು. ಗೋಜಿ ತನ್ನ ಮೆಟ್ಟಿಲ ಮೇಲೆ ಟೊಪ್ಪಿ ಹಿಡಿದು ನಿಂತಿದ್ದ. ಹಾಕಿಕೊಳ್ಳಬೇಕೋ ತೆಗೆಯಬೇಕೋ ಅವನಿಗೆ ತಿಳಿಯಲಿಲ್ಲ.

ತಾಯಿ ಹೊಸ್ತಿಲಲ್ಲಿದ್ದಳು. ಆ ಹೊಸ್ತಿಲಿನಿಂದ ಬಿಮುರ್ಜಾನ ಗೇಟು ಕಾಣುತ್ತದೆ. ಅವನು ಒಳಗೆ ಕಾಲಿಟ್ಟು ದನಿ ನಿಲ್ಲಿಸಿದ. ಅವಳು ಅವನ ಭುಜದ ಆಚೆ ನೋಡುತ್ತಾ, ತಲೆಯ ಕರಿಬಟ್ಟೆಯನ್ನು ಬಿಚ್ಚಿ ಟವೆಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದಳು.

"ಎಷ್ಟು ನೆನೆದಿದ್ದೀಯ," ಎಂದಳು. "ಬಾ. ಒಲೆ ಹತ್ತಿರ ಬಾ."

ಬೆಂಚಿನ ಹತ್ತಿರ ಬಗ್ಗಿ ಕೂತಳು. ಅಂಗೈ ಇಟ್ಟಳು. ಅದು ಬೆಚ್ಚಗಿತ್ತೋ ಇಲ್ಲವೋ, ಅವಳ ಬೆನ್ನಿನಿಂದ ಏನೂ ಗೊತ್ತಾಗುವಂತಿರಲಿಲ್ಲ. ತಣ್ಣಗಾಗಿದ್ದ ಬಟ್ಟಲನ್ನು ಎತ್ತಿ ಒಲೆಯ ಅಂಚಿಗೆ ಸರಿಸಿದಳು. ಸೊಜಾರ್ ಬಾಗಿಲ ಹತ್ತಿರ, ನೀರು ತೊಟ್ಟಿಕ್ಕುತ್ತಾ, ಕರೆದರೆ ಒಳಗೆ ಬರುವವನ ಹಾಗೆ ನಿಂತಿದ್ದ.

"ಆ ಹುಲ್ಲು," ಎಂದಳು ಅವಳು, ತಿರುಗದೆ. "ಅಟ್ಟದಲ್ಲಿ ಯಾವ ಮೂಲೇಲಿದೆ?"

ಅವನು ತಲೆಯೆತ್ತಿ ನೋಡಿದ. ಅಟ್ಟದ ತುಂಬ ಹುಲ್ಲು, ಸೂರಿನವರೆಗೆ, ಎಲ್ಲ ಒಂದೇ ಬಣ್ಣ, ಒಂದೇ ವಾಸನೆ. ತಡಿಕೆಯ ಆಚೆ ಹಸು ಅದರಲ್ಲಿ ಯಾವುದನ್ನೋ ಮೆಲ್ಲುತ್ತಿತ್ತು.